ಗೆದ್ದಾಗ ಬಾರಿಸುತ್ತಿದ್ದ ಗಂಟೆ

ಬಾಗಿಲಿಗೆ ಒರಗಿಸಿಟ್ಟಿದ್ದ ಕಬ್ಬಿಣದ ಗುಂಡನ್ನು ಅವನು ಮೊದಲ ಸಲ ಪಕ್ಕಕ್ಕೆ ಸರಿಸಿದಾಗ ಅವಳು ಹೋಗಿ ಮತ್ತೆ ಅದೇ ಜಾಗದಲ್ಲಿಟ್ಟು ಬಂದಳು. ಎರಡನೆಯ ಸಲ ಸರಿಸಿದಾಗ ಹುಬ್ಬು ಗಂಟಿಕ್ಕಿದಳು. ಮೂರನೆಯ ಸಲಕ್ಕೆ ಬ್ಯಾಟನ್ನು ಟೇಬಲ್ ಮೇಲೆ ಕುಕ್ಕಿ ಎದುರಿಗೇ ಬಂದು ನಿಂತಳು.

“ಏನ್ರೀ, ಆ ಗುಂಡು ನಿಮಗೇನು ಮಾಡಿದೆ?”

“ನನಗೇನೂ ಮಾಡಿಲ್ಲ, ಪಾಪ. ಈ ಬಾಗಿಲು ತಾನಾಗೇ ಮುಚ್ಕೋಬೇಕು. ಅದನ್ನ ಮುಚ್ಕೊಳ್ಳೋಕೆ ಬಿಡ್ತಿಲ್ಲ, ಅಷ್ಟೇ.”

“ಮುಚ್ಕೊಂಡ್ರೆ ಹಾಲಿಗೆ ಗಾಳಿ ಬರಲ್ಲ. ಹೊಸಬರಿಗೆ ಇದೆಲ್ಲ ನಿಧಾನಕ್ಕೆ ಗೊತ್ತಾಗುತ್ತೆ. ಮೊದಲು ಈ ಬೂಟು ಬಿಚ್ಚಿ, ಇದನ್ನ ಹಾಕ್ಕೊಂಡು ಯಾರೂ ಟೇಬಲ್ ಟೆನಿಸ್ ಆಡಲ್ಲ. ಸದಸ್ಯರಾಗೋ ಫಾರಂ ಅಲ್ಲಿದೆ, ತುಂಬಿ.”

ಅವನು ಫಾರಂ ತೆಗೆದುಕೊಂಡು ಹಿಂದೆ ಮುಂದೆ ಎರಡೂ ಪುಟ ಓದಿದ. ಆಮೇಲೆ ಜೇಬಿನಿಂದ ಗುರುತಿನ ಚೀಟಿ ತೆಗೆದು ಅದರ ಮೇಲಿಟ್ಟು ಮೆಲ್ಲಗೆ ಅವಳ ಕಡೆ ತಳ್ಳಿದ. ಅಗ್ನಿಶಾಮಕ ಇಲಾಖೆಯ ಇನ್ಸ್‌ಪೆಕ್ಟರ್. ವರ್ಷಕ್ಕೊಮ್ಮೆಯ ತಪಾಸಣೆಗೆ ಬಂದವನು.

ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಆದರೂ ಸೋಲೊಪ್ಪುವ ಜಾತಿ ಅವಳದಲ್ಲ. “ಮೊದಲೇ ಹೇಳೋಕೇನಾಗಿತ್ತು?” ಎಂದಳು.

“ನೀವು ಎಷ್ಟು ಸಲ ಗುಂಡು ವಾಪಸ್ ಇಡ್ತೀರ ಅಂತ ಎಣಿಸ್ತಿದ್ದೆ.”

ಆ ಕ್ಲಬ್‌ಹೌಸಿನ ಸೆಕ್ರೆಟರಿ ಅವಳೇ. ಒಂದು ಹಾಲು, ನಾಲ್ಕು ಟೇಬಲ್ಲು, ಗುಂಡಿನ ಬಾಗಿಲಾಚೆ ಒಂದು ಓಣಿ, ಓಣಿಯ ಎರಡು ಬದಿಗೆ ಬಟ್ಟೆ ಬದಲಿಸುವ ಕೋಣೆಗಳು, ಹೊರಗೆ ಮೈದಾನ. ಇಷ್ಟರಲ್ಲೇ ಅವಳು ಅಂಬೆಗಾಲಿಟ್ಟಿದ್ದು, ಆಟ ಕಲಿತಿದ್ದು, ಈಗ ಕಲಿಸುತ್ತಿರುವುದು. ಒಂಬತ್ತು ವರ್ಷದ ಮೇಲೆ ಅವರ ತಂಡ ಲೀಗಿನ ಫೈನಲ್ ತಲುಪಿತ್ತು. ಅದೂ ಸ್ವಂತ ಹಾಲಿನಲ್ಲಿ ಆಡುವ ಭಾಗ್ಯ. ಆ ಹೆಮ್ಮೆಯಲ್ಲಿ ಅವಳು ಎರಡು ವಾರದಿಂದ ನೆಲದ ಮೇಲೆ ನಡೆದೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಕಪ್ಪುಗಳ ಬೀರುವಿನ ಹಿಂದೆ ಇಣುಕಿದ. ಅಲ್ಲೊಂದು ಹಿಂಬಾಗಿಲಿತ್ತು. ಗೆದ್ದ ಕಪ್ಪುಗಳು ಹೆಚ್ಚಿದಂತೆ ಬೀರು ಅಗಲವಾಗಿ, ಬಾಗಿಲು ಇರುವುದೇ ಅರ್ಧ ಜನಕ್ಕೆ ಮರೆತುಹೋಗಿತ್ತು. ಅವನು ಬರೆದುಕೊಂಡ. ಮೇಲೆ ಗೋಡೆಯಲ್ಲಿ ಕೆಂಪು ಹಗ್ಗದ ಕಂಚಿನ ಗಂಟೆ ನೋಡಿ ಮಾತ್ರ ಅವನ ಮುಖ ಅರಳಿತು.

“ಬೆಂಕಿ ಗಂಟೆ! ಇಷ್ಟು ಒಳ್ಳೇದು ಈಗೆಲ್ಲೂ ಸಿಗಲ್ಲ. ಬಾರಿಸಿ ನೋಡಲಾ? ಜನ ಎಷ್ಟು ಹೊತ್ತಲ್ಲಿ ಹೊರಗೆ ಹೋಗ್ತಾರೆ ಅಂತ ಲೆಕ್ಕ ಸಿಗುತ್ತೆ.”

“ಅದು... ಒಂದ್ನಿಮಿಷ, ಆ ಗಂಟೆ...” ಅವಳು ಮಾತು ಮುಗಿಸುವಷ್ಟರಲ್ಲಿ ಅವನು ಹಗ್ಗ ಜಗ್ಗಿಯೇಬಿಟ್ಟ.

ಹೊರಗೆ ಹೋಗುವುದಿರಲಿ, ಇಡೀ ಕ್ಲಬ್ಬು ಒಳಗೆ ನುಗ್ಗಿತು. ಮೈದಾನದಲ್ಲಿದ್ದವರು ಶಿಳ್ಳೆ ಹಾಕುತ್ತ ಓಡಿಬಂದರು. ಅಡುಗೆ ಮೂಲೆಯ ಅಜ್ಜಿ ಸೌಟು ಎತ್ತಿ ಹಿಡಿದು ಬಂದಳು. ಸ್ನಾನಕ್ಕೆ ಹೋಗಿದ್ದ ಆಟಗಾರ ಗೋಲಿ ಸೊಂಟಕ್ಕೆ ಟವೆಲು ಸುತ್ತಿಕೊಂಡು, ತಲೆ ತುಂಬ ಸೋಪಿನ ನೊರೆಯೊಂದಿಗೆ ಕುಣಿಯುತ್ತ ಬಂದ. “ಯಾರು ಗೆದ್ರು? ಯಾರು ಗೆದ್ರು?”

ಕ್ಲಬ್ಬಿನಲ್ಲಿ ಯಾರೇ ಗೆದ್ದರೂ ಆ ಗಂಟೆ ಬಾರಿಸುವುದು ಇಪ್ಪತ್ತೇಳು ವರ್ಷದ ರೂಢಿ. ಮೊದಲ ಕಪ್ಪು ಗೆದ್ದ ದಿನ ಖುಷಿ ತಡೆಯಲಾರದೆ ಅದನ್ನು ಜಗ್ಗಿದವರು ಆಗಿನ ಕ್ಯಾಪ್ಟನ್, ಅಂದರೆ ಅವಳ ಅಪ್ಪ. ಅಂದಿನಿಂದ ಗಂಟೆ ಕೇಳಿದರೆ ಜನ ಇದ್ದಲ್ಲಿಂದ ಹಾಲಿಗೆ ಓಡುತ್ತಿದ್ದರು. ಅದು ಬೆಂಕಿಯ ಗಂಟೆ ಎನ್ನುವುದು ಗಂಟೆಗೇ ಮರೆತುಹೋಗಿತ್ತು.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವನು ನಗಲಿಲ್ಲ.

“ಹಾಲಿಗೇ ಬೆಂಕಿ ಬಿದ್ದಿದ್ರೆ?” ಎಂದ, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. “ಇವರೆಲ್ಲ ನಗ್ತಾ ನಗ್ತಾ ಬೆಂಕಿಯೊಳಗೇ ಬರ್ತಿದ್ರು.”

ಅವಳ ನಗು ಬಾಯಲ್ಲೇ ಒಣಗಿತು. ಟವೆಲಿನ ಗೋಲಿಯನ್ನು, ಸೌಟಿನ ಅಜ್ಜಿಯನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಇವರಲ್ಲಿ ಯಾರನ್ನು ಕಳೆದುಕೊಂಡರೂ ತಾನು ತಡೆಯಲಾರೆ ಎನ್ನುವುದು ಅವಳಿಗೆ ಆವತ್ತು ಗೊತ್ತಾಯಿತು.

ವರದಿಯಲ್ಲಿ ಹನ್ನೊಂದು ತಪ್ಪುಗಳಿದ್ದವು. ನಾಲ್ಕು ವಾರದೊಳಗೆ ಸರಿಹೋಗದಿದ್ದರೆ ಹಾಲಿಗೆ ಬೀಗ, ಫೈನಲ್ ಪಕ್ಕದ ಬಡಾವಣೆಯ ಕ್ಲಬ್ಬಿನ ಪಾಲು. ಮೊದಲ ತಪ್ಪೇ ಗಂಟೆ.

“ಗಂಟೆ ಮುಟ್ಟಿದ್ರೆ ನಾನು ಈ ಮೆಟ್ಟಿಲು ಹತ್ತಲ್ಲ,” ಎಂದರು ಅಪ್ಪ. ಮರುದಿನವೇ ಇನ್ಸ್‌ಪೆಕ್ಟರನ್ನು ಎದುರಿಗೆ ಕೂರಿಸಿಕೊಂಡು ಮೀಸೆ ನೀವಿದರು. “ಏನಪ್ಪಾ, ಗೆಲುವು ಅಂದ್ರೆ ಏನು ಅಂತ ಗೊತ್ತಾ ನಿನಗೆ?”

“ಗೊತ್ತು ಯಜಮಾನ್ರೇ. ಬೆಂಕಿ ಬಿದ್ದ ಮನೆಗೆ ಹೋಗಿ, ಒಳಗಿದ್ದೋರೆಲ್ಲ ಆಗಲೇ ಹೊರಗೆ ಬಂದು ನಿಂತಿರೋದು ಕಂಡ್ರೆ ಅದೇ ನನ್ನ ಗೆಲುವು. ಹದಿಮೂರು ವರ್ಷದಲ್ಲಿ ಹಾಗೆ ಕಂಡಿದ್ದು ಬಹಳ ಇದೆ. ಕಾಣದೇ ಹೋಗಿದ್ದು ಎರಡಿದೆ. ಆ ಎರಡು ಮನೆ ಬಾಗಿಲು ಯಾವ ಬಣ್ಣ ಅಂತ ಈಗಲೂ ಹೇಳ್ತೀನಿ.”

ಅಪ್ಪ ಮೀಸೆಯಿಂದ ಕೈ ತೆಗೆದರು. ಆಮೇಲೆ ಎದ್ದು, ತಾವೇ ಒಂದು ಕುರ್ಚಿ ಎಳೆದು ಗಂಟೆಯ ಕೆಳಗೆ ಹಾಕಿದರು. “ಇವತ್ತಿಂದ ಇದು ನನ್ನ ಜಾಗ. ಬೆಂಕಿಗೆ ಬಿಟ್ಟು ಬೇರೆ ಯಾವುದಕ್ಕಾದರೂ ಯಾರಾದ್ರೂ ಈ ಹಗ್ಗ ಮುಟ್ಟಲಿ, ನೋಡ್ಕೋತೀನಿ. ಗೆದ್ರೆ ಕೈ ಇಲ್ವಾ? ಚಪ್ಪಾಳೆ ಹೊಡೀರಿ.”

ಅವಳಿಗೆ ಅಪ್ಪನನ್ನು ತಬ್ಬಿಕೊಳ್ಳಬೇಕೆನಿಸಿತು. ಇನ್ಸ್‌ಪೆಕ್ಟರ್ ಕಡೆ ನೋಡಿದರೆ ಅವನೂ ಅವಳನ್ನೇ ನೋಡುತ್ತಿದ್ದ. ಇಬ್ಬರೂ ಒಟ್ಟಿಗೇ ಬೇರೆ ಕಡೆ ತಿರುಗಿಕೊಂಡರು.

ಆಮೇಲೆ ಶನಿವಾರ ಶನಿವಾರ ಅಭ್ಯಾಸ. ಬೀರು ಸರಿಸಿದರು. ಹಿಂಬಾಗಿಲು ಕಿರುಗುಡುತ್ತ ತೆರೆದುಕೊಂಡಿತು. ಮೈದಾನದ ಮೂಲೆಯಲ್ಲಿ ಸುಣ್ಣದಿಂದ ಒಂದು ದೊಡ್ಡ ವೃತ್ತ ಎಳೆದರು. ಒಳಗೆ ಬರುವವರೆಲ್ಲ ಬಾಗಿಲ ಪುಸ್ತಕದಲ್ಲಿ ಹೆಸರು ಬರೆಸಿ ನಂಬರಿನ ಬಿಲ್ಲೆ ಪಡೆಯಬೇಕು. ಗಂಟೆಯಾದರೆ ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ನಡೆದು, ವೃತ್ತದೊಳಗೆ ನಿಂತು ತಂತಮ್ಮ ನಂಬರಿಗೆ ಓಗೊಡಬೇಕು. ಮೊದಲ ಶನಿವಾರ ಏಳು ನಿಮಿಷ. ಎರಡನೆಯದಕ್ಕೆ ನಾಲ್ಕು.

ಇನ್ಸ್‌ಪೆಕ್ಟರ್ ರಜೆಯ ದಿನವೂ ಬರುತ್ತಿದ್ದ. ಸ್ಟಾಪ್‌ವಾಚ್ ಹಿಡಿದು ವೃತ್ತದ ಅಂಚಿನಲ್ಲಿ ನಿಲ್ಲುತ್ತಿದ್ದ. ಮೂರನೆಯ ಶನಿವಾರ ಎಲ್ಲರೂ ಬಂದಾದ ಮೇಲೆ ಕೊನೆಗೆ ಅವಳು ಬಂದಳು. ಜಡೆ ಬಿಚ್ಚಿಹೋಗಿತ್ತು. ರಬ್ಬರ್ ಬ್ಯಾಂಡನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಕೂದಲು ಒಟ್ಟುಮಾಡಿ ಕಟ್ಟಿದಳು.

“ಎಷ್ಟಾಯ್ತು?”

“ಹಾಂ?”

“ಟೈಮು ರೀ. ಎಷ್ಟಾಯ್ತು?”

ಅವನು ಕೈಲಿದ್ದ ವಾಚು ನೋಡಿದ. ಅದು ಇನ್ನೂ ಓಡುತ್ತಲೇ ಇತ್ತು. ಒತ್ತುವುದನ್ನೇ ಮರೆತಿದ್ದ.

“ಅಯ್ಯೋ, ಹನ್ನೆರಡನೇ ತಪ್ಪು ಬರ್ಕೊಳ್ಳಿ,” ಎಂದಳು ಅವಳು, ತುಟಿ ಕಚ್ಚಿ ನಗು ತಡೆಯುತ್ತ. “ಇನ್ಸ್‌ಪೆಕ್ಟರ್‌ಗೆ ಗಮನ ಸಾಲದು.”

“ಗಮನ ಇತ್ತು,” ಎಂದ ಅವನು. “ವಾಚಿನ ಮೇಲೆ ಇರಲಿಲ್ಲ.”

ಈಗಷ್ಟೇ ಕಟ್ಟಿದ ಕೂದಲನ್ನು ಅವಳು ಬಿಚ್ಚಿ ಮತ್ತೆ ಕಟ್ಟಿಕೊಂಡಳು.

ಆದರೆ ಮರುತಪಾಸಣೆಗೆ ಎರಡು ದಿನವಿರುವಾಗ ಅವನ ಫೋನು ಬಂತು. “ನಾನು ಬರಲ್ಲ. ನಮ್ಮ ಹಿರಿಯ ಅಧಿಕಾರಿ ಬರ್ತಾರೆ. ಬಹಳ ಕಟ್ಟುನಿಟ್ಟು, ತಯಾರಾಗಿರಿ.”

“ಯಾಕೆ? ನಮ್ಮ ಕೆಲಸದ ಮೇಲೆ ನಂಬಿಕೆ ಇಲ್ವಾ?”

“ಕೆಲಸದ ಮೇಲೆ ಇದೆ,” ಎಂದು ಅವನು ಇನ್ನೇನೋ ಹೇಳಹೊರಟು ನಿಲ್ಲಿಸಿದ. “ಕಾರಣ ಆಮೇಲೆ ಹೇಳ್ತೀನಿ.”

ಅವಳು ಫೋನು ಕುಕ್ಕಿದಳು. ಇಷ್ಟು ದಿನ ಅಕ್ಕಪಕ್ಕ ನಿಂತು ಸುಣ್ಣ ಎಳೆದವನು ಈಗ ಕೈ ತೊಳೆದುಕೊಂಡನೆಂದು ಅವಳಿಗೆ ಅಳುವೇ ಬಂತು. ಹಿರಿಯ ಅಧಿಕಾರಿ ಬಂದರು, ಮೂಲೆ ಮೂಲೆ ಕೆದಕಿದರು, ಗಂಟೆ ಬಾರಿಸಿದರು. ಎರಡು ನಿಮಿಷ ಹತ್ತು ಸೆಕೆಂಡಿನಲ್ಲಿ ಹಾಲು ಖಾಲಿ. ಅವರು ಕಾಗದಕ್ಕೆ ಸಹಿ ಹಾಕುವಾಗ ಇಡೀ ಕ್ಲಬ್ಬು ಎದೆಯುಬ್ಬಿಸಿ ನಿಂತಿತ್ತು. ಅವಳ ಕಣ್ಣು ಮಾತ್ರ ಗೇಟಿನ ಕಡೆಗೇ ಇತ್ತು.

ಫೈನಲ್ ದಿನ ಬೆಳಿಗ್ಗೆ ಬಾಗಿಲ ಪುಸ್ತಕ ತೆರೆದು, ಬೇರೆ ಯಾರೂ ಬರುವ ಮುಂಚೆ, ಅವಳು ಮೊದಲ ಸಾಲಿನಲ್ಲಿ ಅವನ ಹೆಸರು ಬರೆದಳು. ಬರದವರ ಹೆಸರು ಬರೆಯಬಾರದೆಂದು ಅವನೇ ಹೇಳಿಕೊಟ್ಟಿದ್ದ. ಬಂದೇ ಬರುತ್ತಾನೆ, ನೋಡೋಣ ಎಂದುಕೊಂಡು ಒಂದನೇ ನಂಬರಿನ ಬಿಲ್ಲೆಯನ್ನು ತನ್ನ ಜೇಬಿಗೆ ಹಾಕಿಕೊಂಡಳು.

ಅವನು ಬಂದ. ನೀಲಿ ಅಂಗಿ ತೊಟ್ಟು, ಆಟ ಶುರುವಾದ ಮೇಲೆ ಗುಂಪಿನೊಂದಿಗೆ ಒಳಗೆ ನುಸುಳಿ ಹಿಂಬಾಗಿಲ ಹತ್ತಿರ ನಿಂತ. ಹೆಸರನ್ನೂ ಬರೆಸಲಿಲ್ಲ. ಅವಳು ದೂರದಿಂದಲೇ ಕಣ್ಣಲ್ಲಿ ಗದರಿದಳು. ಅವನು ಕಿವಿ ಹಿಡಿದುಕೊಂಡು ತೋರಿಸಿದ. ಅವಳ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ಕೊನೆಯ ಗೇಮು. ಅವರ ತಂಡದ ಬುಗುರಿ ಮುಂದಿದ್ದಳು. ಚೆಂಡನ್ನು ಬುಗುರಿಯಂತೆ ತಿರುಗಿಸುತ್ತಾಳೆಂದು ಅವಳಿಗೆ ಆ ಹೆಸರು. ಹತ್ತು–ಒಂಬತ್ತು, ಇನ್ನೊಂದೇ ಪಾಯಿಂಟು. ಬುಗುರಿ ಸರ್ವ್ ಮಾಡಲು ಚೆಂಡು ಅಂಗೈಯಲ್ಲಿಟ್ಟಳು. ಹಾಲು ಉಸಿರು ಬಿಗಿಹಿಡಿಯಿತು.

ಗಂಟೆ ಹೊಡೆಯಿತು.

ಅಪ್ಪ ನಿಂತಿದ್ದರು. ಓಣಿಯ ಬಾಗಿಲ ಗಾಜಿನಾಚೆ ಹೊಗೆ ಕಂಡಿತ್ತು. ಎದುರು ತಂಡದವರು ಯಾರೋ ಒದ್ದೆ ಟವೆಲನ್ನು ಒಣಗಲೆಂದು ಬಟ್ಟೆ ಬದಲಿಸುವ ಕೋಣೆಯ ಹೀಟರ್ ಮೇಲೆ ಹೊದಿಸಿ ಬಂದಿದ್ದರು. ಅಪ್ಪ ಹಗ್ಗವನ್ನು ಮೂರು ಸಲ ಜಗ್ಗಿದರು.

ಇಪ್ಪತ್ತೇಳು ವರ್ಷ ಆ ಸದ್ದಿಗೆ ಕುಣಿದ ಜನ. ಒಬ್ಬರೂ ಕುಣಿಯಲಿಲ್ಲ. ಬುಗುರಿ ಕಪ್ಪಿಗೆ ಒಂದು ಪಾಯಿಂಟು ದೂರದಲ್ಲಿ ಬ್ಯಾಟನ್ನು ಟೇಬಲ್ ಮೇಲಿಟ್ಟು, ದಿಗಿಲುಬಿದ್ದ ಎದುರಾಳಿಯ ಕೈಹಿಡಿದು “ಬಾ, ಹೀಗೆ” ಎಂದು ಹೊರಗೆ ನಡೆದಳು. ಗೋಲಿ ಅಡುಗೆ ಅಜ್ಜಿಯ ತೋಳು ಹಿಡಿದ. ಓಡಾಟವಿಲ್ಲ, ತಳ್ಳಾಟವಿಲ್ಲ. ಕೊನೆಯಲ್ಲಿ ಅಪ್ಪ ಬಂದರು, ಅವರ ಹಿಂದೆ ಪುಸ್ತಕ ಹಿಡಿದು ಅವಳು.

“ನಂಬರ್ ಕೂಗ್ತೀನಿ. ಒಂದು!”

ಉತ್ತರ ಬರಲಿಲ್ಲ.

ಅವಳ ಬೆರಳು ಮೊದಲ ಹೆಸರಿನ ಮೇಲೇ ನಿಂತಿತು. ಆದರೂ ನಿಯಮದಂತೆ ಮುಂದೆ ಹೋದಳು. ಎರಡು, ಮೂರು, ನಾಲ್ಕು... ನೂರಾ ಹನ್ನೆರಡರವರೆಗೂ ಒಂದೊಂದಕ್ಕೂ ಒಂದು ದನಿ ಬಂತು. ವೃತ್ತದಲ್ಲೆಲ್ಲೂ ನೀಲಿ ಅಂಗಿ ಕಾಣಲಿಲ್ಲ. ಮತ್ತೆ ಮೊದಲಿಗೆ ಬಂದಳು. “ಒಂದು!”

ಸುಣ್ಣದ ಗೆರೆಯ ಮೇಲೆ ಅವಳ ಕಾಲಬೆರಳುಗಳು ನಿಂತಿದ್ದವು. ಒಳಗೆ ಯಾರೇ ಇರಲಿ, ಮತ್ತೆ ಒಳಗೆ ಹೋಗಬಾರದು. ಹೇಳಿಕೊಟ್ಟವನು ಅವನೇ. ಒಂದು ಹೆಜ್ಜೆ ಎತ್ತಿಡುವುದಕ್ಕಿಂತ ಎತ್ತಿಡದೆ ನಿಲ್ಲುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಅವನಿಲ್ಲದ ಶನಿವಾರಗಳನ್ನು ತಾನು ಕಲ್ಪಿಸಿಕೊಳ್ಳಲಾರೆ ಎನ್ನುವುದು ಅವಳಿಗೆ ಅಲ್ಲೇ, ಆ ಗೆರೆಯ ಮೇಲೇ ತಿಳಿಯಿತು.

ಅಗ್ನಿಶಾಮಕ ವಾಹನ ಹಿಂದಿನ ಗೇಟಿನಿಂದ ಒಳಗೆ ಬಂತು. ಇಳಿದವರಿಗೆ ಅವಳು ದನಿ ನಡುಗದಂತೆ ಹೇಳಿದಳು. “ಹೊಗೆ ಎಡಗಡೆ ಕೋಣೇಲಿ. ನೂರಾ ಹನ್ನೊಂದು ಜನ ಇಲ್ಲಿದೀವಿ. ಒಬ್ಬರು ಸಿಕ್ಕಿಲ್ಲ. ನೀಲಿ ಅಂಗಿ. ಕೊನೇ ಸಲ ನೋಡಿದ್ದು ಹಿಂಬಾಗಿಲ ಹತ್ತಿರ.”

“ನೀಲಿ ಅಂಗಿನಾ?” ಮುಂದಾಳು ತಿರುಗಿದ. “ನಮಗೆ ಗೇಟು ತೆಗೆದುಕೊಟ್ಟಿದ್ದೇ ಅವರಲ್ವಾ?”

ಕಟ್ಟಡದ ಹಿಂದಿನಿಂದ ಅವನು ನಡೆದು ಬರುತ್ತಿದ್ದ. ಅಂಗೈ ತುಂಬ ಗೇಟಿನ ತುಕ್ಕು.

“ಮೈನ್ ಸ್ವಿಚ್ ಹಿಂಬಾಗಿಲ ಹೊರಗಿದೆಯಲ್ಲ, ಅದನ್ನ ಆರಿಸಿ, ಸ್ಟೇಷನ್ನಿಗೆ ಫೋನ್ ಮಾಡಿ, ಹಾಗೇ ಗೇಟಿಗೆ ಹೋದೆ. ನಾನು ಪಟ್ಟೀಲಿ ಇರ್ಲಿಲ್ಲ ಅಂತ...”

“ಇದ್ರಿ!” ಅವಳು ಪುಸ್ತಕವನ್ನು ಅವನ ಮುಖದ ಮುಂದೆ ಹಿಡಿದಳು. ಈಗ ದನಿ ನಡುಗಿತು. “ಬೆಳಿಗ್ಗೆಯಿಂದ ಇದ್ರಿ. ಎಲ್ಲರಿಗಿಂತ ಮೊದಲು ಬರೆದಿದೀನಿ, ನೋಡಿ. ಎರಡು ಸಲ ಕೂಗಿದೆ. ನಿಮ್ಮ ನಂಬರಿಗೆ ಯಾರೂ ಓಗೊಡದೇ ಇದ್ದಾಗ ನನಗೆ ಏನಾಯ್ತು ಅಂತ ನಿಮಗೆ ಗೊತ್ತಾ? ನನಗೆ ನೀವು ಬೇಕು ರೀ. ಹೇಳಿಬಿಟ್ಟೆ, ಏನೀಗ!”

ವೃತ್ತದಲ್ಲಿದ್ದವರೆಲ್ಲ ಒಟ್ಟಿಗೇ ಅವನ ಕಡೆ ತಿರುಗಿದರು.

ಅವನು ಪುಸ್ತಕ ನೋಡಿದ, ಅವಳನ್ನು ನೋಡಿದ. “ಮರುತಪಾಸಣೆಗೆ ನಾನು ಯಾಕೆ ಬರಲಿಲ್ಲ ಅಂತ ಕೇಳಿದ್ರಲ್ಲ. ಸಹಿ ಹಾಕೋನ ಮನಸ್ಸು ಆ ಕಡೆನೂ ಇರಬಾರದು, ಈ ಕಡೆನೂ ಇರಬಾರದು. ನನ್ನದು ಮೂರನೇ ಶನಿವಾರವೇ ನಿಮ್ಮ ಕಡೆ ಬಂದುಬಿಟ್ಟಿತ್ತು. ನಿಮ್ಮ ಗೆಲುವು ನಿಮ್ಮದೇ ಆಗಿರಬೇಕಿತ್ತು. ಅದಕ್ಕೇ ದೂರ ನಿಂತೆ.”

ಅವಳಿಗೆ ಅವನ ಮೇಲೆ ಹೆಮ್ಮೆ ಉಕ್ಕಿಬಂತು. ಜೇಬಿನಿಂದ ಬಿಲ್ಲೆ ತೆಗೆದು ಆ ತುಕ್ಕಿನ ಅಂಗೈಯಲ್ಲಿಟ್ಟಳು.

ಒಂದು ಕೋಣೆಯ ಬೆಂಚು, ನಾಲ್ಕು ಟವೆಲು, ಅಷ್ಟೇ ಸುಟ್ಟಿದ್ದು. ಓಣಿಯ ಬಾಗಿಲು ತಾನಾಗಿ ಮುಚ್ಚಿಕೊಂಡು ಹೊಗೆಯನ್ನು ಆಚೆಗೇ ತಡೆದಿತ್ತು. ಅಗ್ನಿಶಾಮಕದವರು ಹೊರಗೆ ಬಂದು, ಇಷ್ಟು ಅಚ್ಚುಕಟ್ಟಾಗಿ ಹೊರಗೆ ಬಂದ ಜನರನ್ನು ತಾವು ನೋಡಿಲ್ಲ ಎಂದರು. ಅಪ್ಪ ಮೀಸೆ ತಿರುವಿ, “ನಮ್ಮ ಕ್ಲಬ್ಬು!” ಎಂದರು. ಕಬ್ಬಿಣದ ಗುಂಡು ಕಪ್ಪುಗಳ ಬೀರುವಿನಲ್ಲಿ ಸುಮ್ಮನೆ ಕೂತಿತ್ತು.

ಮುಂದಿನ ಭಾನುವಾರ ಆಟ ಹತ್ತು–ಒಂಬತ್ತರಿಂದಲೇ ಶುರುವಾಯಿತು. ಬುಗುರಿ ಒಂದೇ ಸರ್ವಿಗೆ ಮುಗಿಸಿದಳು. ಹಾಲಿಗೆ ಹಾಲೇ ಗಂಟೆಯ ಕಡೆ ತಿರುಗಿತು. ಹಗ್ಗದ ಹತ್ತಿರ ಹೋಗಿದ್ದ ಕೈಯನ್ನು ಅಪ್ಪ ಹಿಂದಕ್ಕೆ ತಂದರು, ಇನ್ನೊಂದು ಕೈಗೆ ಹೊಡೆದರು. ಚಪ್ಪಾಳೆ ಗೋಡೆ ಗೋಡೆಗೆ ಬಡಿಯಿತು.

ಆ ಗದ್ದಲದಲ್ಲಿ ಇನ್ಸ್‌ಪೆಕ್ಟರ್ ಬಾಗಿ ಅವಳ ಕಿವಿಯಲ್ಲಿ ಏನೋ ಕೇಳಿದ.

“ಕೇಳಿಸ್ಲಿಲ್ಲ,” ಎಂದಳು ಅವಳು, ಕೇಳಿಸಿದ್ದರೂ.

ಅವನು ಜೇಬಿನಿಂದ ಫಾರಂ ತೆಗೆದ. ಮೊದಲ ದಿನ ಅವಳು ತುಂಬಲು ಹೇಳಿದ್ದೇ ಅದು, ಈಗ ಹಿಂದೆ ಮುಂದೆ ತುಂಬಿತ್ತು. “ಸದಸ್ಯ ಆಗ್ಬೇಕು. ಕ್ಲಬ್ಬಿಗೂ, ನಿಮ್ಮ ಮನೆಗೂ. ಸೆಕ್ರೆಟರಿ ಸಹಿ ಹಾಕ್ತಾರಾ?”

ಅವಳು ಅವನ ಕಾಲಿನ ಕಡೆ ನೋಡಿದಳು.

“ಮೊದಲು ಆ ಬೂಟು ಬಿಚ್ಚಿ,” ಎಂದು, ಪೆನ್ನು ಕೈಗೆತ್ತಿಕೊಂಡಳು.