ಹನ್ನೆರಡು ಮುಖ, ಒಂದೇ ಗೋಡೆ

ಸೋಮವಾರ ಬೆಳಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಟ್ಟೆ ಹೊಲಿದು ಬದುಕುವವಳು. ಐದು ದಿನದ ಹಿಂದೆ ತಗಡಿನ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಸತ್ತವನ ಹೆಂಡತಿ. ಇನ್‌ಸ್ಪೆಕ್ಟರ್ ಮುಂದೆ ಒಂದು ಹಾಳೆ ಇಟ್ಟಳು. ಕಾರ್ಖಾನೆಯವರು ಕೊಟ್ಟ ಸುರಕ್ಷತಾ ತರಬೇತಿಯ ಪ್ರಮಾಣಪತ್ರದ ಪ್ರತಿ. ಅದರಲ್ಲಿ ಗಂಡನ ಭಾವಚಿತ್ರ, ಹಿಂದೆ ತರಬೇತಿ ಕೊಠಡಿಯ ಗೋಡೆ, ಕೆಳಗೆ ಜನವರಿ 12ರ ತಾರೀಖು.

“ನಾವು ಕಲಿಸಿದ್ವಿ, ಅವನೇ ಮೈಮರೆತ ಅಂತಾರೆ. ಈ ಫೋಟೊ ಸುಳ್ಳು ಮೇಡಂ.”

“ಹೇಗೆ ಹೇಳ್ತೀರಮ್ಮ?”

“ಮೈಮೇಲಿರೋ ಅಂಗಿ ನಾನು ಹೊಲಿದದ್ದು. ಬಟ್ಟೆ ತಂದದ್ದೇ ಮಾರ್ಚ್‌ನಲ್ಲಿ. ಗುರುತಿನ ಚೀಟಿಗೆ ಬೇಕು ಅಂತ ಕಾರ್ಖಾನೆಯವರು ಅಂದ್ರು, ಮನೆ ಬಾಗಿಲಲ್ಲಿ ನಿಲ್ಲಿಸಿ ನಾನೇ ಫೋಟೊ ತೆಗೆದೆ.”

ಆಕೆಯ ಮೊಬೈಲಿನಲ್ಲಿ ಮೂಲ ಚಿತ್ರವಿತ್ತು. ಅದೇ ಅರೆನಗು, ಅದೇ ಕಾಲರು. ಹಿಂದೆ ಹಳದಿ ಬಾಗಿಲು. ಮಾರ್ಚ್ 21. ಇನ್‌ಸ್ಪೆಕ್ಟರ್ ಎರಡನ್ನೂ ಪಕ್ಕಪಕ್ಕ ಹಿಡಿದಳು. ಪ್ರಮಾಣಪತ್ರದಲ್ಲಿ ಕಿವಿಯ ಅಂಚಿಗೆ, ಕೂದಲ ತುದಿಗೆ ಆ ಹಳದಿ ಎಳೆಎಳೆಯಾಗಿ ಅಂಟಿಕೊಂಡೇ ಇತ್ತು.

ಇದೇ ಹಾಳೆಯನ್ನು ನಂಬಿ ಐದು ದಿನದ ಹಿಂದೆ ‘ಮೃತನ ಅಜಾಗರೂಕತೆ’ ಎಂದು ಕಡತದಲ್ಲಿ ಬರೆದವಳು ತಾನೇ. ಇನ್‌ಸ್ಪೆಕ್ಟರ್ ಮೈ ಉರಿಯಿತು. ಸಿಟ್ಟು ಮೊದಲು ತನ್ನ ಮೇಲೆಯೇ.

11.05ಕ್ಕೆ ಎಫ್‌ಐಆರ್ ದಾಖಲಾಯಿತು. 12.30ಕ್ಕೆ ಇನ್‌ಸ್ಪೆಕ್ಟರ್, ಇಬ್ಬರು ಪಂಚರು ಮತ್ತು ಠಾಣೆಯವರೆಲ್ಲ ಮೀಸೆಯಣ್ಣ ಎಂದು ಕರೆಯುವ ಹೆಡ್ ಕಾನ್‌ಸ್ಟೇಬಲ್ ಕಾರ್ಖಾನೆಯಲ್ಲಿದ್ದರು.

“ದುಃಖದ ವಿಷಯ,” ಎಂದ ಮ್ಯಾನೇಜರ್. “ಆದ್ರೆ ನಮ್ಮ ದಾಖಲೆ ಎಲ್ಲಾ ಸರಿಯಾಗಿವೆ.”

“ಎಲ್ಲಾ ತರಿಸಿ.”

ಹನ್ನೆರಡು ಪ್ರಮಾಣಪತ್ರ ಬಂದವು. ಮೀಸೆಯಣ್ಣ ಮೇಜಿನ ತುಂಬ ಹರಡಿ, ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದ.

“ಹನ್ನೆರಡು ಜನ ಒಬ್ಬೊಬ್ಬರೇ ನಿಂತು ತೆಗೆಸಿಕೊಂಡಿದಾರೆ ಮೇಡಂ. ಹಿಂದಿನ ಗೋಡೆ ಗಡಿಯಾರ ಮಾತ್ರ ನಾಲ್ಕು ಹತ್ತು ಬಿಟ್ಟು ಕದಲಿಲ್ಲ.”

ಮ್ಯಾನೇಜರ್ ಸುರಕ್ಷತಾ ಅಧಿಕಾರಿಯತ್ತ ಬೆರಳು ತೋರಿಸಿ ಕೈತೊಳೆದುಕೊಂಡ. ಅಧಿಕಾರಿ ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡಿದ್ದ ಬಡಕಲು ಮನುಷ್ಯ. ಅವನ ಕಂಪ್ಯೂಟರಿನಲ್ಲಿ ಖಾಲಿ ಕೊಠಡಿಯ ಚಿತ್ರ ಒಂದು, ಹಿನ್ನೆಲೆಯಿಂದ ಕತ್ತರಿಸಿ ತೆಗೆದ ಮುಖಗಳು ಹನ್ನೆರಡು ಸಿಕ್ಕವು. ಪಂಚರ ಸಮಕ್ಷಮ ಪಂಚನಾಮೆ ಬರೆದು ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಂಡರು.

“ಯಾರು ಮಾಡಿದ್ದು?”

“ನಾನೇ.”

“ಯಾವಾಗ?”

“ಏಪ್ರಿಲ್‌ನಲ್ಲಿ. ತಪಾಸಣೆಗೆ ಬರ್ತಾರೆ ಅಂತ ಪತ್ರ ಬಂತು. ಹಳೇ ತಾರೀಖು ಹಾಕಿದೆ.”

“ತರಬೇತಿ?”

“ಆಗಿಲ್ಲ ಮೇಡಂ. ಯಾರಿಗೂ ಆಗಿಲ್ಲ.”

“ಉಳಿದ ಹನ್ನೊಂದು ಜನ ಈಗ ಎಲ್ಲಿದ್ದಾರೆ?”

ಅವನು ತಲೆ ತಗ್ಗಿಸಿದ. ಗೋಡೆಯಾಚೆ ಪ್ರೆಸ್ ಬೀಳುವ ಸದ್ದು ಕೇಳುತ್ತಲೇ ಇತ್ತು. “ಪಾಳಿಯಲ್ಲಿದ್ದಾರೆ.”

ಇನ್‌ಸ್ಪೆಕ್ಟರ್ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದಳು. “ಯಂತ್ರ ನಿಲ್ಲಿಸಿ.”

“ಇವತ್ತು ಸರಕು ಹೊರಡಬೇಕು,” ಎಂದ ಮ್ಯಾನೇಜರ್. “ಸಂಜೆವರೆಗೆ—”

“ನೀವು ನಿಲ್ಲಿಸ್ತೀರೋ, ನಿಮ್ಮ ಕೈಗೆ ಬೇಡಿ ಹಾಕಿ ನಾನು ನಿಲ್ಲಿಸಲೋ?”

1.50ಕ್ಕೆ ಪ್ರೆಸ್ ನಿಂತಿತು. ಹನ್ನೊಂದು ಜನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ತಮ್ಮ ತಮ್ಮ ಪ್ರಮಾಣಪತ್ರವನ್ನು ಅವರು ನೋಡಿದ್ದು ಅದೇ ಮೊದಲು. ಒಬ್ಬ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಈ ಕೋಣೆ ಎಲ್ಲಿದೆ?” ಎಂದು ಕೇಳಿದ.

3.15ಕ್ಕೆ ಸುರಕ್ಷತಾ ಅಧಿಕಾರಿಯ ಬಂಧನವಾಯಿತು. ಅವನ ಕಪಾಟಿನಿಂದ ಮೂರು ಪತ್ರ ಹೊರಬಂದವು. ತರಬೇತಿಗಾಗಿ ಒಂದು ದಿನ ಯಂತ್ರ ನಿಲ್ಲಿಸಿ ಎಂದು ಅವನೇ ಬರೆದವು. ಮೂರರ ಮೇಲೂ ‘ಮುಂದಿನ ತಿಂಗಳು ನೋಡೋಣ’ ಎಂಬ ಷರಾ, ಮ್ಯಾನೇಜರನ ಸಹಿ. 4.40ಕ್ಕೆ ಮ್ಯಾನೇಜರನನ್ನೂ ಜೀಪು ಹತ್ತಿಸಿದರು.

“ಮೂರು ಸಲ ಕೇಳಿದವನು ನಾಲ್ಕನೇ ಸಲ ಯಾಕೆ ಕೇಳಲಿಲ್ಲ?” ಹೇಳಿಕೆ ಬರೆದುಕೊಳ್ಳುವಾಗ ಇನ್‌ಸ್ಪೆಕ್ಟರ್ ಕೇಳಿದಳು.

“ಕೇಳಿದಾಗೆಲ್ಲ ನನ್ನನ್ನ ಹೆದರುಪುಕ್ಕಲ ಅಂತ ನಗ್ತಿದ್ರು ಮೇಡಂ. ಫೋಟೊ ಮಾಡಿಕೊಟ್ಟ ದಿನ ಮ್ಯಾನೇಜರ್ ಎಲ್ಲರ ಮುಂದೆ ಬೆನ್ನು ತಟ್ಟಿದ್ರು. ಅವತ್ತು ಖುಷಿಯಾಗಿತ್ತು.”

ಆಕೆ ಅದನ್ನು ಹಾಗೆಯೇ ಬರೆದು, ಸಹಿಗೆಂದು ಹಾಳೆಯನ್ನು ಅವನತ್ತ ತಳ್ಳಿದಳು.