ಏಳನೇ ಪಾಠದಲ್ಲಿ ನಲವತ್ತು ಸೆಕೆಂಡು

"ಮಕ ಬ್ಯಾಡ್ರಿ. ಕೈ ಅಷ್ಟ ಸಾಕು."

ಪಂಪಾವತಿ ನನ್ನ ಜೊತೆ ಆಡಿದ ಮೊದಲ ಮಾತು ಇದು. ನಾನು ಆಗಷ್ಟೇ ಲೈಟ್ ಹಾಕಿ, ಕ್ಯಾಮೆರಾ ಹೆಗಲಿಗೇರಿಸಿ, ಒಂದು ಕಣ್ಣು ಮುಚ್ಚಿ, ಅಭ್ಯಾಸಬಲದಿಂದ ಅವಳ ಮುಖಕ್ಕೆ ಫೋಕಸ್ ಮಾಡುತ್ತಿದ್ದೆ. ಅವಳು ಅಂಗೈ ಎತ್ತಿ ಲೆನ್ಸಿಗೆ ಅಡ್ಡ ಹಿಡಿದಳು. ಹೀಗಾಗಿ ನಾನು ಹತ್ತಿರದಿಂದ ಮೊದಲು ಕಂಡಿದ್ದು ಅವಳ ಕೈಯನ್ನೇ. ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಚರ್ಮ ಗಟ್ಟಿಯಾಗಿತ್ತು. ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆಗಳಿದ್ದವು.

"ಇದು ಲಗ್ನದ ವಿಡಿಯೋ ಅಲ್ರಿ. ಕೌದಿ ಹೊಲಿಯೋದು ಕಲಸಾಕ. ಕೌದಿ ಹೊಲಿಯೋದು ಕೈ, ಮಕ ಅಲ್ಲ."

ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ನನಗೆ ಸಣ್ಣಗೆ ಬೇಜಾರಾಯಿತು.

ನಾನು ಜಂಬುನಾಥ. ಮೂಲ ಕಂಪ್ಲಿ. ಹಂಪಿ ಬಜಾರಿನಲ್ಲಿ ನಾಲ್ಕು ಕಂಪ್ಯೂಟರಿನ ಒಂದು ಇಂಟರ್ನೆಟ್ ಅಂಗಡಿ ಇಟ್ಟಿದ್ದೆ. ಲಗ್ನದ ಸೀಸನ್ನಿನಲ್ಲಿ ವಿಡಿಯೋ ಕೆಲಸ. 2008ನೇ ಇಸವಿ. ಅದಿರಿನ ದುಡ್ಡು ನೀರಿನ ಹಾಗೆ ಹರಿಯುತ್ತಿದ್ದ ಕಾಲ. ಸಂಡೂರು, ಹೊಸಪೇಟೆಯ ಮದುವೆಗಳಲ್ಲಿ ಕ್ರೇನ್ ತರಿಸಿ ಮೇಲಿನಿಂದ ಶೂಟ್ ಮಾಡಿಸುತ್ತಿದ್ದರು. ಮುನ್ನೂರು ಮದುವಣಗಿತ್ತಿಯರ ಮುಖ ಹಿಡಿದವನಿಗೆ ಕೈ ಸಾಕು ಅಂದವಳು ಇವಳೊಬ್ಬಳೇ.

ಇದೆಲ್ಲ ಶುರುವಾಗಿದ್ದು ಒಬ್ಬ ಫಾರಿನ್ ಹೆಂಗಸಿನಿಂದ. ಆಕೆ ಕಡ್ಡಿರಾಂಪುರದಲ್ಲಿ ಇಳಿದುಕೊಂಡಿದ್ದಳು. ಅಲ್ಲೇ ಇದ್ದ ಪಂಪಾವತಿ ಮನೆಯ ಕಟ್ಟೆಯ ಮೇಲೆ ಎರಡು ದಿನ ಕೂತು, ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದನ್ನು ನೋಡಿದಳು. ಮೂರನೇ ದಿನ ಊರಿಗೆ ಹೊರಡುವ ಮುಂಚೆ ನನ್ನ ಅಂಗಡಿಯಲ್ಲಿ ಮೇಲ್ ನೋಡುತ್ತಾ, "ಆ ಹುಡುಗಿ ಇಂಟರ್ನೆಟ್ಟಿನಲ್ಲಿ ಕಲಿಸಿದರೆ ನಮ್ಮ ಕಡೆ ಎಷ್ಟು ಜನ ದುಡ್ಡು ಕೊಟ್ಟು ಕಲಿಯುತ್ತಾರೆ ಗೊತ್ತಾ?" ಎಂದಳು. ಆನ್‌ಲೈನ್ ಕೋರ್ಸ್ ಎಂಬ ಮಾತನ್ನು ನಾನು ಕೇಳಿದ್ದು ಅವತ್ತೇ. ಕೇಳಿದ್ದೇ ಮೊದಲು ಎಂದು ತೋರಿಸಿಕೊಳ್ಳದೆ ತಲೆಯಾಡಿಸಿದೆ. ಮರುದಿನವೇ ಬೈಕ್ ಹತ್ತಿ ಪಂಪಾವತಿಯ ಮನೆ ಹುಡುಕಿಕೊಂಡು ಹೋದೆ.

ಹನ್ನೆರಡು ಪಾಠ. ಶನಿವಾರ ಶೂಟಿಂಗ್, ಸೋಮವಾರ ವೆಬ್‌ಸೈಟಿಗೆ. ದುಡ್ಡು ಕಟ್ಟಿದವರಿಗೆ ಪಾಸ್‌ವರ್ಡ್. ಅವಳು ಕನ್ನಡದಲ್ಲಿ ಹೇಳುವುದು, ನಾನು ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಹಾಕುವುದು. ಬರುವುದರಲ್ಲಿ ಮುಕ್ಕಾಲು ಅವಳಿಗೆ, ಕಾಲು ನನಗೆ. ಇದಕ್ಕೆಲ್ಲ ಒಪ್ಪಿದ ಅವಳ ಅಣ್ಣ ಭರಮಣ್ಣ ಒಂದೇ ಒಂದು ಷರತ್ತು ಹಾಕಿದ.

"ತಂಗಿ ಮಕ ನೆಟ್ಟಿನ್ಯಾಗ ಬರಬಾರ್ದು ನೋಡ್ರಿ. ನಾಳೆ ಬೀಗರಾಗೋರು ನೋಡಿದ್ರ ನಾ ಏನಂತ ಹೇಳ್ಲಿ?"

"ನನ್ನ ಮಾತು ಅಂದ್ರ ಮಾತು, ಅಣ್ಣ," ಎಂದೆ. ಎದೆ ಮುಟ್ಟಿಕೊಂಡೇ ಹೇಳಿದೆ.

ಕಾವಲಿಗೆ ಸೋದರತ್ತೆ ನಿಂಗಕ್ಕ. ಕಟ್ಟೆಯ ಕಂಬಕ್ಕೆ ಒರಗಿ, ಎಲೆ ಅಡಿಕೆ ಮೆಲ್ಲುತ್ತಾ, ನನ್ನ ಕ್ಯಾಮೆರಾ ಎತ್ತ ತಿರುಗುತ್ತದೆ ಅಂತ ನೋಡುತ್ತಾ ಕೂರುವುದು ಆಕೆಯ ಕೆಲಸ. ಮೊದಲ ದಿನವೇ ನನ್ನ ಊರು, ಮನೆತನ, ಅವ್ವನ ತವರು ಎಲ್ಲ ವಿಚಾರಿಸಿ ಮುಗಿಸಿದ್ದಳು.

ಕೈ ಮಾತ್ರ ನೋಡುತ್ತಾ ಒಬ್ಬಳನ್ನು ಎಷ್ಟು ತಿಳಿದುಕೊಳ್ಳಬಹುದು? ನನಗಾದದ್ದನ್ನು ಹೇಳುತ್ತೇನೆ. ಸಿಟ್ಟು ಬಂದರೆ ಅವಳು ದಾರವನ್ನು ಹಲ್ಲಿನಿಂದ ಕಡಿಯುವುದಿಲ್ಲ, ಕತ್ತರಿ ಹುಡುಕುತ್ತಾಳೆ. ಸಂತೋಷವಾದರೆ ಹೊಲಿಗೆ ಸಣ್ಣದಾಗುತ್ತದೆ. ನಾಚಿಕೆಯಾದರೆ ಬಳೆಗಳನ್ನು ಮೊಣಕೈ ಕಡೆ ತಳ್ಳುತ್ತಾಳೆ. ಅವು ಮತ್ತೆ ಜಾರಿ ಬರುತ್ತವೆ, ಮತ್ತೆ ತಳ್ಳುತ್ತಾಳೆ. ಸೋಮವಾರ ಪಾಠ ಹಾಕಿ ಮುಗಿಸಿದ ಮೇಲೆ ಶನಿವಾರದವರೆಗೆ ನನಗೆ ಬೇರೆ ಕೆಲಸವೇ ಇಲ್ಲ ಅನ್ನಿಸುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳು ಪ್ರಿಂಟ್ ಕೇಳುತ್ತಿದ್ದರು, ನಾನು ಬಳೆಯ ಸದ್ದು ಕೇಳುತ್ತಿದ್ದೆ.

ಹೊಸಪೇಟೆಯಲ್ಲಿ ಜಾಮ್ ಆದ ದಿನ ಅದಿರಿನ ಲಾರಿಗಳು ಅವಳ ಊರಿನ ರಸ್ತೆಗೂ ನುಗ್ಗುತ್ತಿದ್ದವು. ಲಾರಿ ಬಂದರೆ ರೆಕಾರ್ಡಿಂಗ್ ನಿಲ್ಲಿಸಬೇಕು. ಆಗ ಅವಳು ಸೂಜಿ ಹಿಡಿದ ಕೈಯನ್ನು ಹಾಗೇ ಬಟ್ಟೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು, ನಾನು ಕ್ಯಾಮೆರಾದ ಹಿಂದೆ ಸುಮ್ಮನೆ ನಿಲ್ಲುತ್ತಿದ್ದೆ. ಒಮ್ಮೆ ಸಾಲಾಗಿ ಹನ್ನೊಂದು ಲಾರಿ ಬಂದವು. ಐದನೆಯದಕ್ಕೆ ಅವಳು ತಲೆ ಎತ್ತಿದಳು. ಒಂಬತ್ತನೆಯದಕ್ಕೂ ಇಳಿಸಿರಲಿಲ್ಲ. ಊರಿನವರೆಲ್ಲ ಆ ಲಾರಿಗಳಿಗೆ ಶಾಪ ಹಾಕುತ್ತಿದ್ದರು, ನಾನೊಬ್ಬ ಮಾತ್ರ ಇನ್ನೊಂದು ಬರಲಿ ಅಂತ ಬೇಡಿಕೊಳ್ಳುತ್ತಿದ್ದೆ.

"ವಿಡಿಯೋದವ್ರ, ಇವತ್ತು ಯಾಕ ಕ್ಯಾಮೆರಾ ನಡುಗ್ತೈತಿ?" ಎಂದಳು ಧೂಳು ಇಳಿದ ಮೇಲೆ.

"ಲಾರಿ ಹೋತಲ್ರಿ, ನೆಲ ಅದುರ್ತೈತಿ."

"ಲಾರಿ ಹೋಗಿ ಭಾಳ ಹೊತ್ತಾತು," ಎಂದು ಬಳೆ ತಳ್ಳಿಕೊಂಡಳು.

ವಿದ್ಯಾರ್ಥಿಗಳು ಮೂರು ಡಜನ್ ದಾಟಿದರು. ಅವರ ಮೇಲ್‌ಗಳ ಪ್ರಿಂಟ್ ತಂದು ನಾನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು, ದೊಡ್ಡ ದೊಡ್ಡ ಹೆಂಗಸರು 'ಡಿಯರ್ ಟೀಚರ್' ಅಂತ ಬರೆದದ್ದನ್ನು ಕೇಳಿ ಗಂಭೀರವಾಗಿ ಕೂತಿರುತ್ತಿದ್ದಳು. ಕೌದಿ ಮುಗಿಯುವಾಗ ಕೊನೆಯ ಸಂದಿನಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತೇವೆ, ಕೌದಿಯ ಹೊಟ್ಟೆ ಹಸಿದಿರಬಾರದು ಎಂದು ಅವಳು ಹೇಳಿದ್ದಕ್ಕೆ ಒಬ್ಬಾಕೆ, ಇರುವೆ ಬರುವುದಿಲ್ಲವೇ ಎಂದು ಕೇಳಿದ್ದಳು.

"ಬಂದ್ರ ಅವೂ ತಿಂದು ಹೋಗ್ಲಿ ಅಂತ ಬರೀರಿ," ಎಂದಳು ಟೀಚರಮ್ಮ.

ಒಂಬತ್ತನೇ ಪಾಠದ ದಿನ ಶೂಟಿಂಗ್ ಮುಗಿಸಿ ಕೇಬಲ್ ಸುತ್ತುತ್ತಿದ್ದೆ. ಭರಮಣ್ಣ ನಗುನಗುತ್ತಾ ಬಂದ.

"ಜಂಬುನಾಥ, ದೋಣಿಮಲೈ ಕಡೆಯಿಂದ ಒಂದು ಸಂಬಂಧ ಬಂದೈತಿ. ಕಂಪನಿ ನೌಕ್ರಿ, ಕ್ವಾರ್ಟರ್ಸು. ಹುಡುಗ ಒಳ್ಳೇವ. ಇನ್ನೊಂದು ವಾರ ಬಿಟ್ಟು ಸೋಮವಾರ ಮಾತು ಕೊಡಬೇಕು. ಲಗ್ನದ ವಿಡಿಯೋ ನೀವ ಮಾಡ್ಬೇಕು ಮತ್ತ!"

"ಆತು ಅಣ್ಣ," ಎಂದೆ. ಬೇರೆ ಏನು ಹೇಳಲಿ? ಹುಡುಗನಲ್ಲಿ ಕೊಂಕು ತೆಗೆಯುವಂಥದ್ದು ಏನಾದರೂ ಇದ್ದಿದ್ದರೆ ಚೆನ್ನಾಗಿತ್ತು. ಬೈಕಿನಲ್ಲಿ ಬರುವಾಗ ಅಳು ಬಂತು. ಧೂಳು ಕಣ್ಣಿಗೆ ಬಿತ್ತು ಎಂದುಕೊಳ್ಳಲು ಆ ದಾರಿಯಲ್ಲಿ ಅನುಕೂಲವಿತ್ತು. ಮೂರು ಪಾಠ ಉಳಿದಿದ್ದವು. ಆಮೇಲೆ ಆ ಕಟ್ಟೆಗೆ ಹೋಗಲು ನನಗೆ ಯಾವ ನೆಪವೂ ಇರಲಿಲ್ಲ. ನನ್ನ ಮನಸ್ಸು ಹೇಳಿಬಿಡೋಣವೆಂದರೆ, ನಂಬಿ ಮನೆಯೊಳಗೆ ಬಿಟ್ಟುಕೊಂಡವರಿಗೆ ಎರಡು ಬಗೆದ ಹಾಗಾಗುತ್ತದೆ ಎಂಬ ಹೆದರಿಕೆ.

ಮುಂದಿನ ಶುಕ್ರವಾರ ಆ ಮೇಲ್ ಬಂತು. ನ್ಯೂಜಿಲೆಂಡಿನ ಮೇರಿ ಆನ್ ಎಂಬ ಮುದುಕಿ ಬರೆದದ್ದು. ಉಳಿದವರಿಗಿಂತ ನಿಧಾನಕ್ಕೆ ಕಲಿಯುತ್ತಿದ್ದ ಆಕೆ ಏಳನೇ ಪಾಠಕ್ಕೆ ಆಗಷ್ಟೇ ಬಂದಿದ್ದಳು. ಆ ಪಾಠದಲ್ಲಿ ಒಂದು ತಪ್ಪಿದೆ ಎಂದಿದ್ದಳು. ಕಂಪ್ಯೂಟರಿನಲ್ಲಿ ಏಳನೇ ಪಾಠ ಹಾಕಿ ನೋಡಿದೆ. ನಿಜ. ಕೌದಿಯ ಮೂಲೆ ತಿರುಗಿಸುವುದನ್ನು ತೋರಿಸುವಾಗ ನಿಂಗಕ್ಕ ಏನೋ ತಮಾಷೆ ಮಾಡಿದ್ದಳು. ಪಂಪಾವತಿ ನಕ್ಕಿದ್ದಳು. ಮದುಮಗಳು ನಕ್ಕ ಕೂಡಲೇ ಮೇಲೇಳುವ ನನ್ನ ಹಾಳು ಕೈ ಮೇಲೆದ್ದಿತ್ತು. ಕ್ಯಾಮೆರಾ ಸೂಜಿ ಬಿಟ್ಟು, ಬಳೆ ದಾಟಿ, ಅವಳ ಮುಖಕ್ಕೆ ಹೋಗಿ ನಿಂತಿತ್ತು.

ಎಡಿಟ್ ಮಾಡುವಾಗ ಆ ಪಾಠವನ್ನು ಮೂರು ಸಲ ನೋಡಿದ್ದೆ. ಮೂರು ಸಲವೂ ನನಗೆ ಅದರಲ್ಲಿ ತಪ್ಪೇ ಕಂಡಿರಲಿಲ್ಲ.

ಪಾಠ ತೆಗೆದುಹಾಕಿದೆ. ಮೇಲ್ ಅಳಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೌಸಿನ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ಕೂತೆ. ಅವಳ ಮುಖ ಅವಳದು. ಅವಳಿಗೆ ಹೇಳದೆ ಲೋಕಕ್ಕೆ ತೋರಿಸಿದವನು ಈಗ ಅದನ್ನೂ ಮುಚ್ಚಿಡುವುದೇ? ಪ್ರಿಂಟ್ ತೆಗೆದೆ.

ಶನಿವಾರ ಕ್ಯಾಮೆರಾ ಬಿಚ್ಚಲಿಲ್ಲ. ಲ್ಯಾಪ್‌ಟಾಪ್ ಕಟ್ಟೆಯ ಮೇಲಿಟ್ಟು, ಪ್ರಿಂಟ್ ಹಿಡಿದು ಮೇಲ್ ಓದಿದೆ.

"'ಪ್ರೀತಿಯ ಟೀಚರ್, ಏಳನೇ ಪಾಠದಾಗ ಮೂಲಿ ತಿರುಗಿಸೋ ಹೊತ್ತಿಗೆ ಕ್ಯಾಮೆರಾ ಸೂಜಿ ಬಿಟ್ಟು ನಿಮ್ಮ ಮಕಕ್ಕ ಹೋಗೇತಿ. ನಲವತ್ತು ಸೆಕೆಂಡು ಅಲ್ಲೇ ನಿಂತೈತಿ. ನೀವು ಚೆಂದ ಅದೀರಿ, ಖರೆ. ಆದ್ರ ನಾ ದುಡ್ಡು ಕೊಟ್ಟಿದ್ದು ಮೂಲಿ ಕಲಿಯಾಕ.'"

ನಿಂಗಕ್ಕ ಎಲೆ ಮೆಲ್ಲುವುದನ್ನು ನಿಲ್ಲಿಸಿದಳು. ಪಂಪಾವತಿ ಕತ್ತರಿ ಹುಡುಕಿ ದಾರ ಕತ್ತರಿಸಿದಳು.

"ಮಾತು ಕೊಟ್ಟಿದ್ರಿ ನೀವು."

"ಕೊಟ್ಟಿದ್ದೆ. ತಪ್ಪಿದೆ. ಪಾಠ ನಿನ್ನೆನ ತೆಗದೀನಿ. ಆದ್ರ ಎಷ್ಟೋ ಮಂದಿ ನೋಡಿಬಿಟ್ಟಾರ."

"ತೋರಸ್ರಿ ನನಗ."

ತೋರಿಸಿದೆ. ಪರದೆಯ ಮೇಲೆ ಅವಳು ನಗುತ್ತಿದ್ದಳು. ಹಣೆಗೆ ಬಿದ್ದ ಕೂದಲನ್ನು ಮುಂಗೈಯಿಂದ ಸರಿಸಿ, ಕ್ಯಾಮೆರಾ ಕಡೆ ನೋಡಿ, ನಗು ಹಾಗೇ ಉಳಿಸಿಕೊಂಡು, ಮೆಲ್ಲಗೆ ಕಣ್ಣು ಇಳಿಸಿದಳು. ಅವಳು ನೋಡಿದ್ದು ಕ್ಯಾಮೆರಾವನ್ನಲ್ಲ ಎಂದು ಕುರುಡನಿಗೂ ತಿಳಿಯುತ್ತಿತ್ತು. ಕಟ್ಟೆಯ ಮೇಲೆ ಕೂತ ಅವಳಿಗೂ ತಿಳಿಯಿತು.

"ನಾ ಹಿಂಗ ಕಾಣ್ತೀನೇನ್ರಿ?" ದನಿ ಸಣ್ಣದಾಗಿತ್ತು.

"ನನಗ ದಿನಾ ಹಿಂಗ ಕಾಣ್ತೀರಿ," ಎಂದುಬಿಟ್ಟೆ. "ಕೈ ಅಷ್ಟ ನೋಡಿದ್ರೂ ಹಿಂಗ ಕಾಣ್ತೀರಿ. ಅದಕ್ಕ ನನಗ ಅದು ತಪ್ಪು ಅಂತ ತಿಳೀಲಿಲ್ರಿ."

ಹೇಳಬಾರದೆಂದು ಇಷ್ಟು ದಿನ ಹಲ್ಲು ಕಚ್ಚಿದ್ದ ಮಾತು ಹೀಗೆ ಹೊರಗೆ ಬಂತು, ಅದೂ ಸೋದರತ್ತೆಯ ಎದುರಿಗೆ. ಪಂಪಾವತಿ ನನ್ನ ಕೈಯಲ್ಲಿದ್ದ ಹಾಳೆ ನೋಡಿದಳು.

"ಇನ್ನೂ ಒಂದು ಸಾಲು ಐತಿ. ಅದನ್ನ ಓದಲಿಲ್ಲ ನೀವು."

ಕಳ್ಳ ಸಿಕ್ಕಿಬಿದ್ದ. "'ಕ್ಯಾಮೆರಾ ಹಿಡಿಯೋರು ನಿಮ್ಮ ಗಂಡ ಏನು? ಯಾಕಂದ್ರ ಹಂಗ ನೋಡೋರನ್ನ ನಾ ಭಾಳ ವರ್ಷದ ಮ್ಯಾಲೆ ನೋಡಿದೆ,' ಅಂತ ಕೇಳ್ಯಾಳ."

ಬಳೆ ತಳ್ಳಿಕೊಳ್ಳಲಿಲ್ಲ ಅವಳು. ಎದ್ದಳು.

"ಇವತ್ತು ಪಾಠ ಬ್ಯಾಡ. ನೀವು ಹೋಗ್ರಿ."

ಹೋದೆ. ಭಾನುವಾರ ಹೇಗೆ ಕಳೆಯಿತೆಂದು ಕೇಳಬೇಡಿ. ಅಂಗಡಿ ತೆರೆದಿದ್ದೆ, ಯಾರು ಬಂದರು ಯಾರು ಹೋದರು ತಿಳಿಯಲಿಲ್ಲ. ಹೆಸರು ಕೆಡಿಸಿದೆ, ಮನಸ್ಸು ಕೆಡಿಸಿದೆ, ಅವಳು ತಾನಾಗಿ ಕಟ್ಟಿಕೊಂಡ ಶಾಲೆಯನ್ನೂ ಕೆಡಿಸಿದೆ ಎಂದು ನನಗೆ ನಾನೇ ಬೈದುಕೊಂಡೆ. ನಾಳೆ ದೋಣಿಮಲೈಯವರಿಗೆ ಮಾತು ಕೊಡುತ್ತಾರೆ. ಆಮೇಲೆ ಕ್ಯಾಮೆರಾ ಹೊತ್ತು ಅವಳ ಮುಖವನ್ನು ನಾನೇ ಹಿಡಿಯಬೇಕು, ಅವಳು ಇನ್ನೊಬ್ಬನ ಪಕ್ಕ ನಿಂತಿರುವಾಗ.

ಸೋಮವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಇಬ್ಬರು ಹೆಂಗಸರು ಇಳಿದು ಬಜಾರಿನ ಉದ್ದಕ್ಕೂ ನಡೆದು ಬಂದರು. ಪಂಪಾವತಿ ನನ್ನ ಅಂಗಡಿಗೆ ಕಾಲಿಟ್ಟದ್ದು ಅದೇ ಮೊದಲು. ನಾಲ್ಕೂ ಕಂಪ್ಯೂಟರನ್ನು ಒಮ್ಮೆ ನೋಡಿ, ನನ್ನ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತಳು. ನಿಂಗಕ್ಕ ಬಾಗಿಲಲ್ಲಿ ಕೂತು ವಿರೂಪಾಕ್ಷನ ಗೋಪುರದ ಕಡೆ ಮುಖ ಮಾಡಿದಳು.

"ಆ ಅಜ್ಜಿಗೆ ಉತ್ತರ ಬರೀಬೇಕು. ನಾ ಹೇಳ್ತೀನಿ, ನೀವು ಬರೀರಿ."

ಕೀಬೋರ್ಡ್ ಎಳೆದುಕೊಂಡೆ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ತಪ್ಪಾಗೇತಿ ಅಂತ ಬರೀರಿ. ಮೂಲಿ ಮತ್ತ ಹೊಲದು ತೋರಸ್ತೀನಿ, ಅದಕ್ಕ ಬ್ಯಾರೆ ದುಡ್ಡು ಬ್ಯಾಡ. ಈ ಸಲ ಕ್ಯಾಮೆರಾ ಸ್ಟ್ಯಾಂಡಿಗೆ ಹಾಕ್ತೀವಿ, ಅದು ಎಲ್ಲೂ ಹೋಗಂಗಿಲ್ಲ."

ಬರೆದೆ. "ಸ್ಟ್ಯಾಂಡಿಗೆ ಹಾಕಿದ ಮ್ಯಾಲೆ ನಾ ಯಾಕ ಬರ್ಲಿ?" ಎಂದು ಕೇಳಿದೆ.

"ಮೂಲಿ ತಿರುಗಿಸುವಾಗ ಎದುರಿಗೆ ಕುಂತು ಬಟ್ಟಿ ಬಿಗಿ ಹಿಡಿಯೋರು ಒಬ್ರು ಬೇಕು. ಇಷ್ಟು ದಿನ ಮೊಣಕಾಲಾಗ ಒತ್ತಿ ಹಿಡದೀನಿ, ಸಾಕಾಗೇತಿ."

ನಾನು ತಲೆ ಎತ್ತಿದೆ. ಅವಳು ಪರದೆಯನ್ನೇ ನೋಡುತ್ತಿದ್ದಳು.

"ಕೊನೀ ಸಾಲಿಗೆ?" ಎಂದೆ.

"ಏನು ಕೇಳ್ಯಾಳ?"

ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಬಾಯಲ್ಲಿ ಇನ್ನೊಮ್ಮೆ ಹೇಳಿಸಿದಳು.

"ಕ್ಯಾಮೆರಾ ಹಿಡಿಯೋರು... ನಿಮ್ಮ ಗಂಡ ಏನು ಅಂತ."

"ಇನ್ನೂ ಆಗಿಲ್ಲ ಅಂತ ಬರೀರಿ."

ಬಾಗಿಲಲ್ಲಿ ನಿಂಗಕ್ಕ ಗಂಟಲು ಸರಿಮಾಡಿಕೊಂಡಳು.

"ಭರಮ್ಯಾ ರಾತ್ರಿ ಉಣ್ಣಲಿಲ್ಲ, ತಮ್ಮಾ. ಹೊಟ್ಟಿ ಹಸದ್ರ ತಾನ ಉಣ್ತಾನ. ದೋಣಿಮಲೈಗೆ ಬ್ಯಾಡ ಅಂತ ಈಕಿನ ಫೋನ್ ಮಾಡಿ ಹೇಳ್ಯಾಳ. ನೀ ಬರೋ ಐತವಾರ ನಿಮ್ಮ ಅವ್ವನ್ನ ಕರ್ಕೊಂಡು ಮನಿಗೆ ಬಾ. ಕಂಪ್ಲಿ ನಮಗೇನು ದೂರಲ್ಲ."

ನನ್ನ ಕಣ್ಣು ತುಂಬಿ ಅಕ್ಷರಗಳು ಕಾಣದಾದವು. ಟೈಪ್ ಮಾಡಿದ್ದು ತಪ್ಪಾಯಿತು. ಅಳಿಸಿದೆ, ಮತ್ತೆ ತಪ್ಪಾಯಿತು. ಪಂಪಾವತಿ ಸ್ವಲ್ಪ ಹತ್ತಿರ ಬಗ್ಗಿ, ನನ್ನ ಹಣೆಯ ಬೆವರು ನೋಡಿದಳು.

"ಇಂಗ್ಲಿಷಿನ್ಯಾಗ ಅದು ಭಾಳ ಉದ್ದ ಏನ್ರಿ?"

"ಇಲ್ರಿ. ನಾಟ್ ಯೆಟ್. ಆರ ಅಕ್ಷರ."

"ಆರು ಅಕ್ಷರಕ್ಕ ಇಷ್ಟೊತ್ತು ಏನ್ರಿ?" ಎಂದಳು. "ಜಲ್ದಿ ಬರೀರಿ. ಅಜ್ಜಿ ಕಾಯ್ತಿರ್ತಾಳ, ನಾನೂ ಕಾಯ್ತೀನಿ."