ಅಪ್ಪನ ಕೈಗೊಂದು ಕ್ಯಾಮೆರಾ

“ಅದು ನಿಮಗೆ ಬೇಡ ಮೇಡಂ.”

ಫ್ಯಾಮಿಲಿ ಟ್ರಿಪ್ಪಿಗೆ ಬೇಕೆಂದು ಹೇಳಿ, ಗಾಜಿನ ಕಪಾಟಿನಲ್ಲಿದ್ದ ದೊಡ್ಡ ಕ್ಯಾಮೆರಾದತ್ತ ಅವಳು ಬೆರಳು ತೋರಿಸಿದ್ದಳಷ್ಟೆ. ಅಂಗಡಿಯವನು ಅವಳನ್ನೊಮ್ಮೆ, ಅವಳ ಸವೆದ ಕೈಚೀಲವನ್ನೊಮ್ಮೆ ನೋಡಿ ಹಾಗೆಂದುಬಿಟ್ಟ. ಅವಳಿಗೆ ಮೈ ಉರಿಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನಿಂದ ಅರವತ್ತು ಜನರ ರಕ್ತ ತೆಗೆದು, ಊಟದ ಬಿಡುವಿನಲ್ಲಿ ಓಡೋಡಿ ಬಂದಿದ್ದಳು.

“ಯಾಕೆ, ನನ್ನ ಚೀಲ ನೋಡಿ ಅಂದಾಜು ಮಾಡಿದ್ರಾ?”

ಅವನ ಕೈಯಲ್ಲಿದ್ದ ಲೆನ್ಸ್ ಒರೆಸುವ ಬಟ್ಟೆ ಕೆಳಗೆ ಬಿತ್ತು. “ಅಯ್ಯೋ, ಇಲ್ಲ ಮೇಡಂ! ಫ್ಯಾಮಿಲಿ ಟ್ರಿಪ್‌ಗೆ ಅಂದ್ರಲ್ಲ, ಅದಕ್ಕೆ. ಅದನ್ನ ಹೊರೋದು ಅಂದ್ರೆ ಒಂದು ಕೂಸನ್ನ ಎತ್ಕೊಂಡ ಹಾಗೆ. ಎರಡನೇ ದಿನ ಬ್ಯಾಗ್ ಸೇರಿದ್ರೆ ಆಮೇಲೆ ಹೊರಗೆ ಬರಲ್ಲ. ಫೋಟೋ ಯಾರು ತೆಗೀತಾರೆ?”

“ಅಪ್ಪ.”

“ಫೋನಲ್ಲಿ ಆಗಲ್ವಾ?”

ಅವಳು ಕೈಚೀಲವನ್ನು ಕೌಂಟರಿನ ಮೇಲಿಟ್ಟು ಹೇಳಿದಳು. ಅಪ್ಪ ಮೂವತ್ತೈದು ವರ್ಷ ಗಡಿಯಾರ ರಿಪೇರಿ ಮಾಡಿದವರು. ಸಾಸಿವೆಗಿಂತ ಸಣ್ಣ ಸ್ಕ್ರೂ ಕೂರಿಸುತ್ತಿದ್ದ ಆ ಕೈ ಈಗ ಮೂರು ವರ್ಷದಿಂದ ನಡುಗುತ್ತಿದೆ. ಫೋನ್ ಮುಟ್ಟಿದರೆ ಒಂದರ ಬದಲು ನಾಲ್ಕು ಸಲ ಒತ್ತಿಹೋಗಿ ಏನೇನೋ ತೆರೆದುಕೊಳ್ಳುತ್ತದೆ. ಮುಂದಿನ ವಾರ ಮನೆಯವರೆಲ್ಲ ಸಮುದ್ರ ನೋಡಲು ಹೊರಟಿದ್ದಾರೆ. ಅಮ್ಮ ಸಮುದ್ರ ನೋಡುವುದು ಇದೇ ಮೊದಲು. ಆದರೆ ಅಪ್ಪ, “ನಿಮ್ಮಮ್ಮನ ಫೋಟೋ ಯಾವತ್ತೂ ನಾನೇ ತೆಗೀತಿದ್ದೆ. ಈಗ ಬಂದು ಏನು ಮಾಡ್ಲಿ? ನೀವು ಹೋಗ್ಬನ್ನಿ” ಎಂದು ಕೂತುಬಿಟ್ಟಿದ್ದಾರೆ.

ಗುರುತಿಲ್ಲದವನ ಮುಂದೆ ಇಷ್ಟೆಲ್ಲ ಹೇಗೆ ಹೇಳಿಕೊಂಡೆನೋ ಎಂದು ಅವಳಿಗೇ ಸೋಜಿಗವಾಯಿತು. ಅವನು ನಡುವೆ ಬಾಯಿ ಹಾಕಲಿಲ್ಲ. ‘ಪಾಪ’ ಎನ್ನಲಿಲ್ಲ. ಅದೇ ಅವಳಿಗೆ ಹಿಡಿಸಿತು.

“ಇವತ್ತು ಏನೂ ತಗೋಬೇಡಿ. ನಾಳೆ ಅವರನ್ನೇ ಕರ್ಕೊಂಡು ಬನ್ನಿ. ಹಿಡಿಯೋರೇ ಆರಿಸ್ಲಿ.”

“ಬಂದ ವ್ಯಾಪಾರ ಬೇಡ ಅನ್ನೋ ಅಂಗಡಿ ಇದೊಂದೇ ನೋಡಿದ್ದು ನಾನು.”

“ನಮ್ಮಮ್ಮನೂ ಹೀಗೇ ಬೈತಾರೆ,” ಎಂದು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಷ್ಟೇ ಗುಳಿ ಬಿತ್ತು. ಬಲಗೆನ್ನೆಯಲ್ಲೂ ಬೀಳಬಹುದೇನೋ ಎಂದು ಅವಳು ಒಂದು ಗಳಿಗೆ ಹೆಚ್ಚೇ ಕಾದಳು. ಅವನು ಹುಬ್ಬೇರಿಸಿದ. ಅವಳು ಗಡಿಬಿಡಿಯಿಂದ ಮೆಟ್ಟಿಲಿಳಿದಳು.

ಮರುದಿನ ಅಪ್ಪ ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ಅಂಗಡಿಯೊಳಗೆ ಬಂದರು. “ಇದೆಲ್ಲ ಮಗಳ ಹಠ. ನನಗೇನೂ ಬೇಕಾಗಿಲ್ಲಪ್ಪ.”

ಅವನು ಒತ್ತಾಯಿಸಲಿಲ್ಲ. ಒಂದು ಪುಟ್ಟ ಕ್ಯಾಮೆರಾ ತೆಗೆದು ಮುಂದಿಟ್ಟ. ಹಳೇ ಮಾಡೆಲ್, ಯಾರೋ ಬಳಸಿ ಮಾರಿದ್ದು. ಬೆಲೆ ಅವಳು ನಿನ್ನೆ ತೋರಿಸಿದ್ದರ ಕಾಲುಭಾಗವೂ ಇಲ್ಲ. “ಸರ್, ಇದರ ಬಟನ್ ಸ್ವಲ್ಪ ಬಿಗಿ. ನಿಮಗೆ ಏನನ್ನಿಸತ್ತೆ, ಒಮ್ಮೆ ನೋಡ್ತೀರಾ?”

ಬಿಗಿ ಎಂದ ಕೂಡಲೇ ಅಪ್ಪನ ಕೈ ಜೇಬಿನಿಂದ ಹೊರಬಂತು. ಒತ್ತಿದರು, ಕಿವಿಯ ಹತ್ತಿರ ಹಿಡಿದು ಮತ್ತೆ ಒತ್ತಿದರು. “ಬಿಗಿ ಇದ್ರೇ ಒಳ್ಳೇದು. ಸುಮ್ಸುಮ್ನೆ ಒತ್ತಿಹೋಗಲ್ಲ.”

“ಕೈ ಅಲುಗಿದ್ರೆ ತಡ್ಕೊಳ್ಳೋ ವ್ಯವಸ್ಥೆನೂ ಒಳಗಿದೆ ಸರ್. ಈ ಪಟ್ಟಿ ಕತ್ತಿಗೆ ಹಾಕ್ಕೊಂಡು, ಅದು ಬಿಗಿಯಾಗೋ ತನಕ ಕ್ಯಾಮೆರಾ ಮುಂದಕ್ಕೆ ತಳ್ಳಿ. ಮೊಣಕೈ ಪಕ್ಕೆಗೆ ಒತ್ತಿ. ಉಸಿರು ಬಿಡಿ... ಹಾಂ, ಈಗ.”

ಅವನು ಅಪ್ಪನ ಕೈ ಹಿಡಿದು ಕಲಿಸಲಿಲ್ಲ. ತಾನೂ ಒಂದು ಕ್ಯಾಮೆರಾ ಕತ್ತಿಗೆ ಹಾಕಿಕೊಂಡು ಪಕ್ಕದಲ್ಲಿ ನಿಂತು, ಹಾಗೆಯೇ ಮಾಡಿದ. ಮೊದಲ ಫೋಟೋ ಮಸುಕು. ಎರಡನೆಯದೂ ಅಷ್ಟೆ. ಏಳನೆಯದರಲ್ಲಿ ಎದುರು ಗೋಡೆಯ ಕ್ಯಾಲೆಂಡರಿನ ಅಂಕಿಗಳೆಲ್ಲ ಓದುವಂತೆ ಬಂದವು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

“ಇದೇ ಇರ್ಲಿ,” ಎಂದರು.

ಅವಳು ಅಪ್ಪನ ಹೆಗಲಾಚೆಯಿಂದ ಅವನನ್ನು ನೋಡಿದಳು. ಹೇಳಬೇಕೆಂದಿದ್ದ ಥ್ಯಾಂಕ್ಸ್ ತುಟಿಯವರೆಗೆ ಬಂದು ನಿಂತಿತು. ಅವನು ಕಣ್ಣಲ್ಲೇ ‘ಇರಲಿ ಬಿಡಿ’ ಎಂದ. ಹೊರಡುವಾಗ ಒಂದು ಚೀಟಿಯಲ್ಲಿ ನಂಬರ್ ಬರೆದುಕೊಟ್ಟ. “ಏನಾದ್ರೂ ಡೌಟ್ ಬಂದ್ರೆ...”

ಡೌಟು ಟ್ರಿಪ್ಪಿನ ಮೊದಲ ಸಂಜೆಯೇ ಬಂತು. ಅವಳು ಆ ನಂಬರಿಗೆ ಫೋನ್ ಮಾಡಿದಳು.

“ಸಮುದ್ರ ಚೆನ್ನಾಗಿ ಬರುತ್ತೆ, ಅಮ್ಮನ ಮುಖ ಮಾತ್ರ ಕಪ್ಪಗೆ ಬರ್ತಿದೆ.”

“ಹಿಂದಿನಿಂದ ಬೆಳಕು ಬರ್ತಿರಬೇಕು. ಫ್ಲಾಶ್ ಹಾಕಿ.”

“ಇಷ್ಟು ಬೆಳಕಿರೋವಾಗ ಫ್ಲಾಶಾ?”

“ಹಾಕಿ ನೋಡಿ. ಸರಿ ಬರದಿದ್ರೆ ಬಂದು ನನ್ನನ್ನ ಬೈಯಿರಿ. ಬಂದೇ ಬೈಬೇಕು, ಫೋನಲ್ಲಿ ನಡೆಯಲ್ಲ.”

ಎರಡನೇ ಸಂಜೆ ಬ್ಯಾಟರಿ ಬಗ್ಗೆ ಕೇಳಿದಳು. ಮೂರನೇ ಸಂಜೆ ಮೆಮೊರಿ ಕಾರ್ಡ್ ಬಗ್ಗೆ. ನಾಲ್ಕನೇ ಸಂಜೆ ಮತ್ತೆ ಬ್ಯಾಟರಿ.

“ಇದನ್ನ ಮೊನ್ನೆನೇ ಕೇಳಿದ್ರಲ್ಲ?” ಎಂದ ಅವನು ಮೆತ್ತಗೆ.

ಸಿಕ್ಕಿಬಿದ್ದ ಕಳ್ಳಿಯಂತೆ ಅವಳು ತುಟಿ ಕಚ್ಚಿಕೊಂಡಳು. “ಮರ್ತುಹೋಯ್ತು.”

“ಮರೀತಾ ಇರಿ. ನಾನೂ ಇಷ್ಟು ಹೊತ್ತಿಗೆ ಅಂಗಡಿ ಮುಚ್ಚಬೇಕಿತ್ತು, ಮುಚ್ಚಿಲ್ಲ.”

ಪಕ್ಕದಲ್ಲಿ ಮಕ್ಕಳ ಕಾಲಿನ ಮರಳು ಒರೆಸುತ್ತಿದ್ದ ಅಕ್ಕ ತಲೆಯೆತ್ತಿದಳು. “ಬ್ಯಾಟರಿ ವಿಷಯ ಮಾತಾಡ್ತಾ ಯಾರಾದ್ರೂ ಹೀಗೆ ಕೆಂಪಾಗ್ತಾರೇನೇ?”

ಊರಿಗೆ ಮರಳಿದ ಮಾರನೇ ದಿನ ಡ್ಯೂಟಿ ಮುಗಿಸಿ ಅವಳು ಅಂಗಡಿಗೆ ಹೋದಳು. ಪ್ರಿಂಟ್ ಹಾಕಿಸಬೇಕಿತ್ತು. ಅವನು ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಒಂದೊಂದೇ ತೆರೆದ. ಮಸುಕಾದವು ಬೇಕಾದಷ್ಟಿದ್ದವು. ಓರೆಯಾದವೂ ಇದ್ದವು. ಆಮೇಲೆ ಆ ಫೋಟೋ ಬಂತು: ಮೊಣಕಾಲವರೆಗೆ ನೀರಲ್ಲಿ ನಿಂತ ಅಮ್ಮ, ‘ಸಾಕು ಬಿಡ್ರೀ’ ಎಂದು ಕೈ ಬೀಸುತ್ತ ನಗುತ್ತಿದ್ದರು. ಬೆರಳ ತುದಿಯಿಂದ ಸಿಡಿದ ನೀರಿನ ಹನಿ ಕೂಡ ಸ್ಪಷ್ಟವಾಗಿತ್ತು.

ಅವನು ಆ ಫೋಟೋವನ್ನು ಪರದೆಯ ತುಂಬ ದೊಡ್ಡದು ಮಾಡಿದ.

“ಅಪ್ಪ ಈಗ ಯಾರ ಮುಂದೆನೂ ಕೈ ಮುಚ್ಚಿಡಲ್ಲ,” ಎಂದಳು ಅವಳು. “ಲೋಟ ಅಲುಗಿದ್ರೆ ಅಲುಗ್ಲಿ ಅಂತಾರೆ. ನೀವು ಕೊಟ್ಟಿದ್ದು ಕ್ಯಾಮೆರಾ ಒಂದೇ ಅಲ್ಲ. ಈ ಥ್ಯಾಂಕ್ಸ್ ಹೇಗೆ ಹೇಳ್ಬೇಕೋ ನನಗೆ ಗೊತ್ತಾಗ್ತಿಲ್ಲ.”

ಅವನ ಮುಖ ಸ್ವಲ್ಪ ಬಾಡಿತು. ಕೀಬೋರ್ಡ್ ಮೇಲಿನ ಇಲ್ಲದ ಧೂಳು ಒರೆಸಿದ. “ಅದನ್ನ ಹೇಳೋಕೇ ದಿನಾ ಫೋನ್ ಮಾಡ್ತಿದ್ರಾ? ಹಾಗಾದ್ರೆ... ಅಷ್ಟು ದೊಡ್ಡ ಉಪಕಾರ ಏನಲ್ಲ ಬಿಡಿ.”

“ಉಪಕಾರಕ್ಕೆ ಥ್ಯಾಂಕ್ಸ್ ಹೇಳಾಯ್ತು,” ಎಂದಳು. ಎಂಥ ಸಣ್ಣ ನರವನ್ನೂ ಒಂದೇ ಸಲಕ್ಕೆ ಹಿಡಿಯುವವಳಿಗೆ ಈಗ ಕೈ ಎಲ್ಲಿಡುವುದೆಂದು ತಿಳಿಯಲಿಲ್ಲ. “ಇನ್ನೂ ಇಲ್ಲೇ ನಿಂತಿದ್ದೀನಲ್ಲ, ಅದು ಥ್ಯಾಂಕ್ಸ್‌ಗಲ್ಲ.”

“ಮತ್ತೆ?”

“ಎಲ್ಲಾ ಬಾಯ್ಬಿಟ್ಟು ಹೇಳ್ಬೇಕಾ?”

“ಹೇಳಿದ್ರೆ ಒಳ್ಳೇದು. ನಾನು ತಪ್ಪು ತಿಳ್ಕೊಂಡು ಆಮೇಲೆ ಒದ್ದಾಡೋದು ಬೇಡ.”

“ನಿಮ್ಮ ಧ್ವನಿ ಕೇಳದೆ ಸಂಜೆ ಆಗ್ತಿರ್ಲಿಲ್ಲ. ಸಾಕಾ?”

ಎಡಗೆನ್ನೆಯ ಗುಳಿ ಎಂದಿಗಿಂತ ಆಳವಾಗಿ ಬಿತ್ತು. ಅವನು ಕೌಂಟರಿನ ಪುಟ್ಟ ಬಾಗಿಲು ತೆಗೆದು ಈಚೆ ಬಂದ. ಬಾಗಿಲ ಪಕ್ಕದ ಬೆಂಚಿನ ಮೇಲಿದ್ದ ಡಬ್ಬಗಳನ್ನೆಲ್ಲ ಎತ್ತಿ ನೆಲಕ್ಕಿಟ್ಟ.

“ಕೂತ್ಕೊಳ್ಳಿ...” ಎಂದವನು ತಡೆದು, ಒಂದು ಉಸಿರು ಬಿಟ್ಟು, “ಕೂತ್ಕೊ,” ಎಂದ.

ಅವಳು ಕೂತಳು. ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ನೀನೂ ಕೂತ್ಕೊ.”